ಬೇರೆ ಬಂದೂಕಿನ ಬೋಲ್ಟು

ಚುನಾವಣೆ ಮುಗಿದು ಹತ್ತು ದಿನಗಳಾದ ಮೇಲೆ ಅಪ್ಪನ ರೈಫಲ್ ಪೊಲೀಸ್ ಠಾಣೆಯಿಂದ ಮನೆಗೆ ಬಂತು. ಗೋಣಿತಾಟಿನಲ್ಲಿ ಸುತ್ತಿ, ಆಟೊದಲ್ಲಿ ಎರಡು ಮೊಣಕಾಲುಗಳ ನಡುವೆ ನಿಲ್ಲಿಸಿಕೊಂಡು ತಂದಿದ್ದ. ಅವ್ವ ಒಳಗಿನಿಂದಲೇ, "ಬಂದಳೇನು ನಿನ್ನ ಹಿರೇ ಹೆಂಡ್ತಿ?" ಎಂದು ಕೇಳಿದಳು. "ತುಕ್ಕು ಹಿಡದು ಬಂದಾಳ. ನಿನ್ನಂಗಽ," ಎಂದ ಅಪ್ಪ.

ಲೈಸೆನ್ಸ್ ಇರುವ ಬಂದೂಕುಗಳನ್ನೆಲ್ಲ ಚುನಾವಣೆಯ ಕಾಲಕ್ಕೆ ಠಾಣೆಗೆ ಒಪ್ಪಿಸಬೇಕು. ಅಪ್ಪ ಹದಿನೇಳು ವರ್ಷ ಫೌಜಿನಲ್ಲಿ ಸಿಪಾಯಿಯಾಗಿದ್ದು ಬಂದವನು. ಆಮೇಲೆ ಯಾದಗಿರಿ ಕಡೆಯ ನಮ್ಮ ಊರು ಬಿಟ್ಟು ಹೈದರಾಬಾದಿಗೆ ಬಂದು ಒಂದು ಸೆಕ್ಯುರಿಟಿ ಏಜೆನ್ಸಿಯಲ್ಲಿ ಗನ್‌ಮ್ಯಾನ್ ಆದ. ಗಚ್ಚಿಬೌಲಿಯಲ್ಲಿ ಆಗ ತಿಂಗಳಿಗೊಂದು ಗಾಜಿನ ಕಟ್ಟಡ ಏಳುತ್ತಿತ್ತು. ಕಟ್ಟಡದ ಹಿಂದೆ ಬ್ಯಾಂಕು, ಬ್ಯಾಂಕಿನ ಹಿಂದೆ ನೋಟಿನ ಪೆಟ್ಟಿಗೆ ಹೊತ್ತ ವ್ಯಾನು. ಸ್ವಂತ ಬಂದೂಕು, ಸ್ವಂತ ಲೈಸೆನ್ಸ್ ಇದ್ದವರನ್ನು ಏಜೆನ್ಸಿಗಳು ತಾವಾಗಿ ಹುಡುಕಿಕೊಂಡು ಬರುತ್ತಿದ್ದ ಕಾಲ ಅದು.

ಅಪ್ಪನದು ಶಿಕಾರಿಗೆಂದು ಮಾಡಿದ ರೈಫಲ್. ಹಿಡಿ ಎತ್ತಿ ಬೋಲ್ಟನ್ನು ಹಿಂದಕ್ಕೆ ಎಳೆಯಬೇಕು, ಮುಂದಕ್ಕೆ ತಳ್ಳಿ ಕೆಳಕ್ಕೆ ಒತ್ತಬೇಕು. ಒಂದು ಸಲ ಹೀಗೆ ಮಾಡಿದರೆ ಒಂದು ಗುಂಡು. ಶಿಕಾರಿ ನಿಂತುಹೋಗಿ ಎಷ್ಟೋ ವರ್ಷಗಳಾಗಿದ್ದವು. ಕಾಡುಹಂದಿಗಾಗಿ ಹುಟ್ಟಿದ ಬಂದೂಕು ಎಸಿಯ ತಂಪಿನಲ್ಲಿ, ಕೊರಳಿಗೆ ಐಡಿ ಕಾರ್ಡು ಹಾಕಿಕೊಂಡ ಹುಡುಗ ಹುಡುಗಿಯರ ನಡುವೆ, ದಿನಕ್ಕೆ ಹನ್ನೆರಡು ಗಂಟೆ ಸುಮ್ಮನೆ ನಿಲ್ಲುತ್ತಿತ್ತು.

ನನ್ನ ಬಗ್ಗೆಯೂ ಹೇಳಿಬಿಡುತ್ತೇನೆ. ನಮ್ಮ ಮನೆತನದಲ್ಲಿ ಹತ್ತನೇ ಇಯತ್ತೆ ದಾಟಿದ ಮೊದಲನೆಯವಳು ನಾನು. ಡಿಪ್ಲೊಮಾ ಮಾಡಿ, ಕೆಲಸ ಮಾಡುತ್ತಲೇ ಓದಿ ಮೆಕ್ಯಾನಿಕಲ್ ಇಂಜಿನಿಯರಿಂಗ್ ಮುಗಿಸಿದೆ. ಜೊತೆಯವರೆಲ್ಲ ಅಮೀರ್‌ಪೇಟೆಯಲ್ಲಿ ಸಾಲಾಗಿ ಕುಳಿತು ಸಾಫ್ಟ್‌ವೇರ್ ಕೋರ್ಸು ಕಲಿತರು. ನಾನು ಕಬ್ಬಿಣ ಬಿಡಲಿಲ್ಲ. ಪಟಾನ್‌ಚೆರುವಿನಲ್ಲಿ ಮಾತ್ರೆ ಒತ್ತುವ ಯಂತ್ರಗಳಿಗೆ ಉಕ್ಕಿನ ಅಚ್ಚುಗಳನ್ನು ಮಾಡುವ ಕಾರ್ಖಾನೆಯಲ್ಲಿ ಅಳತೆ ನೋಡುವ ಕೆಲಸ ನನ್ನದು. ನಾನು ಸಹಿ ಮಾಡದೆ ಒಂದು ಅಚ್ಚೂ ಗೇಟು ದಾಟುತ್ತಿರಲಿಲ್ಲ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಆ ಹೆಮ್ಮೆಯೇ ನನ್ನ ಕೈಯಿಂದ ಮಾಡಿಸಿದ್ದನ್ನು ಹೇಳುವುದು ಮಾತ್ರ ಈಗಲೂ ಕಷ್ಟ.

ಬಂದೂಕು ಬಂದದ್ದು ಶನಿವಾರ. ಭಾನುವಾರ ಮಧ್ಯಾಹ್ನ ಅಪ್ಪ ಚಾಪೆ ಹಾಸಿ ಅದನ್ನು ಬಿಚ್ಚಿದ. ಮೊದಲು ಖಾಲಿ ಇದೆಯೇ ಎಂದು ನೋಡಿದ. ಕಣ್ಣಿನಿಂದ ನೋಡಿದ್ದು ಸಾಲದೆಂದು ಕಾಡತೂಸು ಕೂರುವ ಗೂಡಿಗೆ ಕಿರುಬೆರಳು ಹಾಕಿ ತಡವಿದ. ನನ್ನಿಂದಲೂ ಹಾಕಿಸಿದ. ಅದು ಅವನ ಕ್ರಮ. ಖಾಲಿ ಎಂದು ಇಬ್ಬರು ಹೇಳದ ಹೊರತು ಬಂದೂಕು ಖಾಲಿಯಲ್ಲ.

ತುಕ್ಕು ಅಂದುಕೊಂಡದ್ದಕ್ಕಿಂತ ಹೆಚ್ಚಿತ್ತು. ಠಾಣೆಯಲ್ಲಿ ಬಂದೂಕುಗಳನ್ನು ಇಟ್ಟಿದ್ದ ಕೋಣೆಯ ನೆಲಕ್ಕೆ ತೇವ ಏರಿತ್ತಂತೆ. ಮೇಲಾಗಿ, ಯಾರೂ ತೆಗೆದು ಹೊಡೆಯಬಾರದೆಂದು, ಠಾಣೆಯ ದಫ್ತರ ಬರೆಯುವ ರೈಟರ್ ಎಲ್ಲರ ಬೋಲ್ಟುಗಳನ್ನೂ ಬಿಚ್ಚಿಸಿ ಬೇರೆ ಚೀಲದಲ್ಲಿ ಹಾಕಿಸಿಕೊಂಡಿದ್ದ. ಅಪ್ಪ ತನ್ನದಕ್ಕೆ ಹೆಸರು ಬರೆದ ಚೀಟಿ ಕಟ್ಟಿದ್ದ. ವಾಪಸು ಕೊಡುವಾಗ ಚೀಟಿಗಳೆಲ್ಲ ನೆನೆದು ಶಾಯಿ ಹರಡಿತ್ತು. ಇದೇ ನಿನ್ನದು, ತಗೋ ಎಂದು ರೈಟರ್ ಒಂದನ್ನು ಎತ್ತಿ ಕೈಗಿಟ್ಟಿದ್ದ.

ನಳಿಗೆಯನ್ನು ಅಪ್ಪ ತೆಗೆದುಕೊಂಡ, ಬೋಲ್ಟನ್ನು ನನಗೆ ಬಿಟ್ಟ. ಎಣ್ಣೆ ಹಚ್ಚಿದ ಬಟ್ಟೆಯ ತುಂಡಿಗೆ ಫೌಜಿನಲ್ಲಿ ಚಿಂದಿ ಎನ್ನುತ್ತಾರೆ. ಅದನ್ನು ಹುರಿಯ ತುದಿಗೆ ಸಿಕ್ಕಿಸಿ, ಗೂಡಿನ ಕಡೆಯಿಂದ ಇಳಿಬಿಟ್ಟು ಬಾಯಿಯ ಕಡೆಯಿಂದ ಎಳೆಯಬೇಕು. ಬಿಳಿ ಹೋಗಿ ಕಂದು ಬರುತ್ತಿತ್ತು. ಹತ್ತು ಸಲ, ಹದಿನೈದು ಸಲ. ಬಿಳಿ ಹೋಗಿ ಬಿಳಿಯೇ ಬಂದ ಮೇಲೆ ಅಪ್ಪ ಹೆಬ್ಬೆರಳಿನ ಉಗುರನ್ನು ಗೂಡಿನ ಬಾಯಿಗೆ ಓರೆಯಾಗಿ ಹಿಡಿದ. ಕಿಟಕಿಯ ಬೆಳಕು ಉಗುರಿಗೆ ಬಡಿದು ನಳಿಗೆಯೊಳಗೆ ಹರಿಯಿತು. "ನೋಡು, ಕನ್ನಡಿ," ಎಂದ.

ನಾನು ಬೋಲ್ಟಿನ ಒಳಗಿನ ಪಿನ್ನು, ಸ್ಪ್ರಿಂಗು ಬಿಚ್ಚಿ ಸೀಮೆಎಣ್ಣೆಯಲ್ಲಿ ತೊಳೆದೆ. ಹಳೆಯ ಗ್ರೀಸು ಬೆಲ್ಲದ ಪಾಕದಂತೆ ಗಟ್ಟಿಯಾಗಿತ್ತು. ಅದು ಇದ್ದರೆ ಪಿನ್ನು ನಿಧಾನಕ್ಕೆ ಬಡಿಯುತ್ತದೆ, ಕಾಡತೂಸು ಹೊತ್ತಿಕೊಳ್ಳುವುದಿಲ್ಲ. ಒರೆಸಿ, ತೆಳ್ಳಗೆ ಎಣ್ಣೆ ಕೊಟ್ಟು, ಮತ್ತೆ ಜೋಡಿಸಿದೆ.

"ಸೇರಸೂ ಮೊದಲ ನಂಬರ್ ಓದು," ಎಂದ ಅಪ್ಪ. "ಮೈಮ್ಯಾಗಿಂದು, ಬೋಲ್ಟಿನ ಮ್ಯಾಗಿಂದು. ಎರಡೂ ಒಂದಽ ಇರಬೇಕು."

ಅವನಿಗೆ ದೂರದ್ದು ಹದ್ದಿಗೆ ಕಂಡಂತೆ ಕಾಣುತ್ತಿತ್ತು, ಹತ್ತಿರದ ಸಣ್ಣ ಅಕ್ಷರ ಕಾಣುತ್ತಿರಲಿಲ್ಲ. ಚಾಳೀಸು ಹಾಕಿದರೆ ಏಜೆನ್ಸಿಯವರು ಮುದುಕನೆಂದುಕೊಳ್ಳುತ್ತಾರೆ ಎಂದು ಹಾಕುತ್ತಿರಲಿಲ್ಲ. ಸಣ್ಣ ಅಕ್ಷರಗಳನ್ನು ಓದುವ ಕೆಲಸ ನಾನು ಶಾಲೆಗೆ ಹೋಗುವಾಗಿನಿಂದಲೂ ನನ್ನದೇ.

ಓದಿದೆ. ಬಂದೂಕಿನ ಮೈಮೇಲಿನ ನಂಬರಿನ ಕೊನೆಗೆ ನಲವತ್ತೇಳು. ಬೋಲ್ಟಿನ ಹಿಡಿಯ ಹಿಂದೆ ಐವತ್ತೆರಡು.

ಮರುದಿನ ಬೆಳಿಗ್ಗೆ ಹತ್ತಕ್ಕೆ ಏಜೆನ್ಸಿಯವರು ಗನ್‌ಮ್ಯಾನ್‌ಗಳನ್ನೆಲ್ಲ ಗಚ್ಚಿಬೌಲಿಯಾಚೆಯ ಬಂಡೆಗಳ ಜಾಗಕ್ಕೆ, ಬಂದೂಕು ಹಾರಿಸಿ ತೋರಿಸಲು ಕರೆದಿದ್ದರು. ತೋರಿಸಿದವನಿಗೆ ಹಳೆಯ ಜಾಗ, ತೋರಿಸದವನಿಗೆ ಲಾಠಿ ಕೊಟ್ಟು ಯಾವುದೋ ಪಾರ್ಕಿಂಗಿಗೆ. ನಂಬರು ಬೇರೆ ಎಂದರೆ ಅಪ್ಪ ಮತ್ತೆ ಠಾಣೆಗೆ ಹೋಗಿ ಬೆಂಚಿನ ಮೇಲೆ ಕೂರಬೇಕು, ವಾರ ಹೋಗುತ್ತದೆ. ಇದು ಒಂದು ಕಾರಣ. ಇನ್ನೊಂದು ಕಾರಣ ನನಗೆ ನಾಚಿಕೆ ತರುವಂಥದ್ದು. ಇವರೆಲ್ಲ ಹಳೇ ಕಾಲದವರು, ನಂಬರಿಗೆ ದೇವರಿಗೆ ಕೊಟ್ಟಷ್ಟು ಮರ್ಯಾದೆ ಕೊಡುತ್ತಾರೆ ಎಂದುಕೊಂಡೆ. ಒಂದೇ ಕಾರ್ಖಾನೆ, ಒಂದೇ ಮಾದರಿ, ಒಂದೇ ಅಳತೆ. ಸೇರಿಸಿದೆ, ಸೇರಿತು. ನಾನು ಓದಿದವಳು.

"ಒಂದಽ ಅದಾವ ಅಪ್ಪಾ," ಎಂದೆ.

ಅಪ್ಪ ಬೋಲ್ಟನ್ನು ಹಿಂದೆ ಮುಂದೆ ಆಡಿಸಿದ. ಹಿಡಿಯನ್ನು ಕೆಳಕ್ಕೆ ಒತ್ತಿದ. ಬೆಣ್ಣೆಯಲ್ಲಿ ಚಾಕು ಇಳಿದಂತೆ ಇಳಿಯಿತು. ಅವನ ಹುಬ್ಬುಗಳು ಕೂಡಿಕೊಂಡವು.

"ಭಾಳ ಸಡ್ಲ ಅನಸ್ತತಿ."

"ಹೊಲಸು ಹೋತಲ್ಲ, ಅದಕ. ಇಷ್ಟು ಚೊಕ್ಕ ನಿಮ್ಮ ಫೌಜಿನ್ಯಾಗರ ಮಾಡತಿದ್ರೇನು?"

"ಇಂಜಿನಿಯರ್ ಬಾಯಿಯವರು ಹೇಳಿದ ಮ್ಯಾಲ ಮುಗೀತು," ಎಂದು ಅಪ್ಪ ನಕ್ಕ. ಅವ್ವನ ಕಡೆ ತಿರುಗಿ, "ಕೇಳಿದೇನ? ಫೌಜಿಗಿ ಬುದ್ಧಿ ಹೇಳ್ತಾಳ ನಿನ್ನ ಮಗಳು," ಎಂದ. ಅವನ ದನಿಯಲ್ಲಿ ಸಂತೋಷವಿತ್ತು.

ಸೋಮವಾರ ಬೆಳಿಗ್ಗೆ ಕಾರ್ಖಾನೆಯಲ್ಲಿ ಅಚ್ಚುಗಳ ಪೆಟ್ಟಿಗೆಯೊಂದು ನನ್ನ ಮೇಜಿಗೆ ಬಂತು. ಮಾತ್ರೆಯ ಅಚ್ಚಿಗೆ ಮೇಲಿನದೊಂದು, ಕೆಳಗಿನದೊಂದು ಉಕ್ಕಿನ ಕಡ್ಡಿ ಇರುತ್ತದೆ. ಎರಡನ್ನೂ ಒಟ್ಟಿಗೆ ಉಜ್ಜಿ, ಒಂದಕ್ಕೊಂದು ಹೊಂದಿಸಿ, ಒಂದೇ ನಂಬರು ಹೊಡೆಯುತ್ತೇವೆ. ಆ ಪೆಟ್ಟಿಗೆಯಲ್ಲಿ ಒಂದು ಜೋಡಿಯ ನಂಬರು ಬೇರೆ ಬೇರೆ ಇತ್ತು. ಪ್ಯಾಕಿಂಗಿನವನನ್ನು ಕರೆದು ತೋರಿಸಿದೆ. ಅವನು ಎರಡನ್ನೂ ಬೆಳಕಿಗೆ ಹಿಡಿದು, "ಮೇಡಂ, ದೋನೋ ಏಕ್ ಹೀ ತೋ ಹೈ," ಎಂದ. ಎರಡೂ ಒಂದೇ ಅಲ್ಲವೇ, ಒಂದೇ ಮಷೀನಿನಲ್ಲಿ ಆದದ್ದು.

ನಾನು ಬೈಯಲು ಬಾಯಿ ತೆರೆದೆ. ಒಂದೇ ಮಷೀನಿನಲ್ಲಿ ಆದರೇನು, ಕೊನೆಗೆ ಕೈಯಲ್ಲಿ ಉಜ್ಜಿ ಹೊಂದಿಸಿದ್ದು, ಕೂದಲಿನಷ್ಟು ಸಡಿಲವಿದ್ದರೂ ಒತ್ತಡ ಬಿದ್ದಾಗ ಸಿಡಿಯುತ್ತದೆ ಎಂದು ನಾನು ನೂರು ಸಲ ಹೇಳಿದ ಪಾಠ. ಆ ಮಾತು ಬಾಯಿಗೆ ಬಂದು ನಿಂತಿತು. ಕೈಯಲ್ಲಿದ್ದ ಮೈಕ್ರೊಮೀಟರನ್ನು ಮೇಜಿನ ಮೇಲೆ ಇಟ್ಟೆ. 

ಬೋಲ್ಟು ಎಂದರೆ ಕಾಡತೂಸಿನ ಬೆನ್ನಿಗೆ ಇರುವ ಬಾಗಿಲು. ಬಾಗಿಲು ಬೆನ್ನಿಗೆ ಒತ್ತಿ ನಿಂತಿರಬೇಕು. ನಡುವೆ ಸಂದು ಉಳಿದರೆ ಗುಂಡು ಹಾರುವಾಗ ಹಿತ್ತಾಳೆಯ ಚಿಪ್ಪು ಆ ಸಂದು ತುಂಬಲು ಹಿಂದಕ್ಕೆ ಜಗ್ಗುತ್ತದೆ. ಜಗ್ಗಿ ಜಗ್ಗಿ ಹರಿಯುತ್ತದೆ. ಹರಿದರೆ ಮುಂದಕ್ಕೆ ಹೋಗಬೇಕಾದ ಬೆಂಕಿ ಹಿಂದಕ್ಕೆ ಬರುತ್ತದೆ. ಹಿಂದೆ, ಒಂದು ಗೇಣಿಗೆ, ಹೊಡೆಯುವವನ ಬಲಗಲ್ಲ, ಬಲಗಣ್ಣು. ನಿನ್ನೆ ನಾನು ಚೊಕ್ಕಟ ಎಂದದ್ದು ಆ ಸಂದನ್ನು.

ಗಡಿಯಾರ ಒಂಬತ್ತೂಕಾಲು ತೋರಿಸುತ್ತಿತ್ತು. ಅಪ್ಪನ ಬಳಿ ಮೊಬೈಲ್ ಇರಲಿಲ್ಲ. ಗೇಟಿನ ಹತ್ತಿರದ ಕಾಯಿನ್ ಬಾಕ್ಸಿನಿಂದ ಏಜೆನ್ಸಿಗೆ ಫೋನ್ ಮಾಡಿದೆ. ಎತ್ತಿದವನು ತೆಲುಗಿನಲ್ಲಿ, ಎಲ್ಲರೂ ಜೀಪಿನಲ್ಲಿ ಹೋಗಿಯಾಯಿತು, ಅಲ್ಲಿ ಫೋನಿಲ್ಲ ಎಂದು ಹೇಳಿ ಇಟ್ಟುಬಿಟ್ಟ. ಕಾರ್ಖಾನೆಯ ಸೂಪರ್‌ವೈಸರಿಗೆ, ಅಪ್ಪನಿಗೆ ಅಪಘಾತವಾಗಿದೆ, ಹೋಗಬೇಕು ಎಂದೆ. ಹೇಳಿ ಗೇಟು ದಾಟಿದ ಮೇಲೆ ಆ ಮಾತಿಗೇ ಹೆದರಿಕೆಯಾಯಿತು. ಹಿಂದಿರುಗಿ ಹೋಗಿ, ಹಾಗಲ್ಲ, ಬೇರೆ ಕೆಲಸ ಎಂದು ತಿದ್ದಿ ಬರೋಣವೆನ್ನಿಸಿತು. ಅಷ್ಟು ಹೊತ್ತಿಗೆ ಬಸ್ಸು ಬಂತು.

ಲಿಂಗಂಪಲ್ಲಿಯಲ್ಲಿ ಇಳಿದು ಶೇರ್ ಆಟೊ ಹತ್ತಿದೆ. ರಸ್ತೆಯ ಅರ್ಧ ಅಗೆದಿದ್ದರು. ಒಂದು ಕ್ರೇನು ಅಡ್ಡ ನಿಂತಿತ್ತು. ನನಗೆ ಗೊತ್ತಿಲ್ಲದೆ ಬಾಯಿಯಿಂದ, "ಲಗೂನ ನಡಿಯೋ ಮಾರಾಯ," ಎಂದು ಬಂದುಬಿಟ್ಟಿತು. ಎದುರು ಕುಳಿತಿದ್ದ ಹೆಂಗಸು ತಲೆ ಎತ್ತಿದಳು. ಮೊಣಕೈವರೆಗೆ ಸಿಮೆಂಟು ಒಣಗಿತ್ತು, ತೊಡೆಯ ಮೇಲೆ ಬುತ್ತಿಯ ಗಂಟು.

"ನಮ್ಮ ಕಡೆಯಾಕೇನವ್ವಾ? ಎಲ್ಲಿಗಿ ಇಷ್ಟು ಗಡಬಡಿ? ಇಂಟರ್ವ್ಯೂ ಐತೇನು?"

"ಅಪ್ಪನ ಕಡೆ ಹೊಂಟೀನಿ."

"ಅಪ್ಪ ಎಲ್ಲಿ ಓಡಿ ಹೋಗ್ತಾನ? ಗಂಡ ಆದ್ರ ಓಡ್ತಾನ," ಎಂದು ಪಕ್ಕದವಳ ತೊಡೆಗೆ ಬಡಿದು ನಕ್ಕಳು. ನನ್ನ ಮುಖ ನೋಡಿ ನಗು ನಿಲ್ಲಿಸಿದಳು. "ಕುಂದರು. ನೀರು ಕುಡಿ," ಎಂದು ಬಾಟಲಿ ಚಾಚಿದಳು. ಕುಡಿದೆ. ಬಾಟಲಿ ವಾಪಸು ಕೊಟ್ಟು ಮತ್ತೆ ರಸ್ತೆ ನೋಡಿದೆ.

ಬಂಡೆಗಳ ನಡುವೆ ಗುಂಡು ಹಾರಿಸಲು ಮಾಡಿದ ಜಾಗವಿತ್ತು. ದೊಡ್ಡ ರಸ್ತೆಯಿಂದ ಒಳಗೆ ಒಂದು ಮೈಲಿ ನಡೆಯಬೇಕು. ಅರ್ಧ ದಾರಿಯಲ್ಲಿದ್ದಾಗ ಮೊದಲ ಸದ್ದು ಕೇಳಿತು. ನಿಂತೆ. ಬಂಡೆಯಿಂದ ಬಂಡೆಗೆ ಬಡಿದು ಅದು ಎರಡು, ಮೂರು ಸಲ ಕೇಳಿಸಿತು. ಸದ್ದು ಬಂತೆಂದರೆ ಸರಿ ಹಾರಿತು ಎಂದೋ, ಸಿಡಿಯಿತು ಎಂದೋ? ಯಾರದೆಂದು ಹೇಗೆ ತಿಳಿಯುವುದು? ಸದ್ದಿನ ಹಿಂದೆ ಯಾರಾದರೂ ಕೂಗುತ್ತಾರೆಯೇ ಎಂದು ಕಿವಿಗೊಟ್ಟೆ. ಕೂಗಲಿಲ್ಲ. ಓಡಿದೆ. ಮತ್ತೊಂದು ಸದ್ದು, ಮತ್ತೆ ನಿಂತೆ. ಹೀಗೆ ಓಡುತ್ತ ನಿಲ್ಲುತ್ತ ಐದು ಸದ್ದು ಎಣಿಸಿದೆ.

ಹಗ್ಗ ಕಟ್ಟಿದ ಗೆರೆಯ ಈಚೆ ಏಳೆಂಟು ಜನ ಗನ್‌ಮ್ಯಾನ್‌ಗಳು ಸಾಲಾಗಿ ಕುಳಿತಿದ್ದರು. ಅವರಲ್ಲಿ ಅಪ್ಪ ಇರಲಿಲ್ಲ. ಅಪ್ಪ ಹಗ್ಗದ ಆಚೆ ಚಾಪೆಯ ಮೇಲೆ ಬೋರಲು ಮಲಗಿದ್ದ. ಗಲ್ಲ ಬಂದೂಕಿನ ಮರಕ್ಕೆ ಒತ್ತಿತ್ತು. ಪಕ್ಕದಲ್ಲಿ ಮೊಣಕಾಲೂರಿ ಕುಳಿತಿದ್ದವರು ಉಸ್ತಾದರು. ಹಳೇ ಶಹರದಲ್ಲಿ ನಲವತ್ತು ವರ್ಷ ಬಂದೂಕು ರಿಪೇರಿ ಮಾಡಿದ ಮುದುಕರು, ಏಜೆನ್ಸಿಯವರು ಪರೀಕ್ಷೆಗೆಂದು ಕರೆಸುತ್ತಿದ್ದರು. ಚಾಪೆಯ ಬಳಿ ಒಂದು ಖಾಲಿ ಚಿಪ್ಪು ಬಿದ್ದಿತ್ತು. ಅಂದರೆ ಒಂದು ಹಾರಿತ್ತು. ಈಗ ಎರಡನೆಯದು.

"ಅಪ್ಪಾ" ಎಂದು ಕೂಗಲು ಉಸಿರು ತುಂಬಿಕೊಂಡೆ. ಕೂಗಲಿಲ್ಲ. ಬಂದೂಕು ಹಿಡಿದು ಮಲಗಿದವನನ್ನು ಕರೆಯಬಾರದು ಎಂದು ಅವನೇ ಹೇಳಿಕೊಟ್ಟಿದ್ದ. ಕರೆದರೆ ಅವನು ತಲೆ ತಿರುಗಿಸುತ್ತಾನೆ, ತಲೆಯ ಜೊತೆ ಭುಜ, ಭುಜದ ಜೊತೆ ನಳಿಗೆ ತಿರುಗುತ್ತದೆ, ಬೆರಳು ಎಲ್ಲಿದೆಯೋ ಅಲ್ಲೇ ಇರುತ್ತದೆ. ಓಢಣಿಯ ಸೆರಗನ್ನು ಬಾಯಿಗೆ ತುರುಕಿಕೊಂಡೆ. ಕಣ್ಣು ಮುಚ್ಚಬೇಕೆನ್ನಿಸಿತು, ಮುಚ್ಚಲಾಗಲಿಲ್ಲ. ಅವನ ಬೆರಳು ಮಡಚಿಕೊಳ್ಳುವುದು ಅಷ್ಟು ದೂರದಿಂದಲೂ ಕಂಡಿತು.

ಟಕ್ ಎಂದಿತು. ಅಷ್ಟೇ. ಪಿನ್ನು ಬಡಿದಿತ್ತು, ಕಾಡತೂಸು ಹೊತ್ತಿಕೊಳ್ಳಲಿಲ್ಲ.

ಸಾಲಿನಲ್ಲಿ ಯಾರೋ ನಕ್ಕರು.  ಹೊತ್ತದ ಕಾಡತೂಸು ಒಳಗೇ ಬೂದಿ ಮುಚ್ಚಿದ ಕೆಂಡದಂತಿರಬಹುದು. ಬೋಲ್ಟು ಎಳೆಯುವ ಹೊತ್ತಿಗೆ ಹೊತ್ತಿಕೊಂಡರೆ ಬಾಗಿಲೇ ತೆರೆದಿರುತ್ತದೆ. ಉಸ್ತಾದರು ಅಪ್ಪನ ಬೆನ್ನ ಮೇಲೆ ಅಂಗೈ ಇಟ್ಟು, "ಹಿಲೋ ನಕ್ಕೊ, ಮಿಯಾ. ಗಿನೋ," ಎಂದರು. ಅಲುಗಾಡಬೇಡ, ಎಣಿಸು. ಅಪ್ಪ ಅಲುಗಾಡಲಿಲ್ಲ. ನಳಿಗೆ ಗುರಿಯ ದಿಬ್ಬಕ್ಕೇ ನೆಟ್ಟಿತ್ತು. ಗಲ್ಲವನ್ನು ಮಾತ್ರ ನಿಧಾನಕ್ಕೆ ಮರದಿಂದ ದೂರ ಸರಿಸಿದ. ನಾನೂ ಎಣಿಸಿದೆ. ಅರವತ್ತಾದರೂ ಅವರು ತೆರೆಯಲಿಲ್ಲ. ನೂರು ದಾಟಿದ ಮೇಲೆ ಉಸ್ತಾದರು ಪಕ್ಕದಿಂದ ಕೈಚಾಚಿ, ಮುಖ ಆಚೆ ತಿರುಗಿಸಿಕೊಂಡು, ಬೋಲ್ಟನ್ನು ಎಳೆದರು. ಕಾಡತೂಸು ಮಣ್ಣಿಗೆ ಬಿತ್ತು. ಅದರ ಬೆನ್ನ ಮೇಲೆ ಪಿನ್ನು ಬಡಿದ ಗುರುತು ಸೊಳ್ಳೆ ಕಚ್ಚಿದಷ್ಟು ಇತ್ತು; ಸಂದಿನಿಂದಾಗಿ ಪಿನ್ನು ಪೂರ್ತಿ ತಲುಪಿರಲಿಲ್ಲ.

ಉಸ್ತಾದರು ಮೊದಲು ಹಾರಿದ್ದ ಚಿಪ್ಪನ್ನು ಎತ್ತಿಕೊಂಡು ಬಿಸಿಲಿಗೆ ಹಿಡಿದರು. ಬುಡದಿಂದ ಸ್ವಲ್ಪ ಮೇಲೆ ಸುತ್ತಲೂ ಒಂದು ಹೊಳೆಯುವ ಉಂಗುರ ಮೂಡಿತ್ತು. ತುದಿ ಬಾಗಿಸಿದ ತಂತಿಯೊಂದನ್ನು ಒಳಗೆ ಹಾಕಿ ಎಳೆದರು. ಉಂಗುರದ ಜಾಗದಲ್ಲಿ ತಂತಿ ಸಿಕ್ಕಿಕೊಂಡು ನಿಂತಿತು. ಒಳಗಿನಿಂದ ಹಿತ್ತಾಳೆ ಹರಿಯಲು ಶುರುವಾಗಿತ್ತು. "ಔರ್ ಏಕ್ ಫೂಟ್ತಾ ತೋ..." ಎಂದು ತಮ್ಮ ಬಲಗಲ್ಲವನ್ನು ಒಂದು ಬೆರಳಿನಿಂದ ಮುಟ್ಟಿದರು. ಇನ್ನೊಂದು ಹಾರಿದ್ದರೆ ಎಂದು. ಆಮೇಲೆ ಭೂತಗನ್ನಡಿ ತೆಗೆದು ಬೋಲ್ಟಿನ ಹಿಂಬದಿ ನೋಡಿದರು, ಬಂದೂಕಿನ ಮೈ ನೋಡಿದರು.

"ನಂಬರ್ ಕೌನ್ ದೇಖೇ?" ಎಂದರು. ನಂಬರು ನೋಡಿದ್ದು ಯಾರು ಎಂದು.

"ನನ್ನ ಮಗಳು ನೋಡ್ಯಾಳ್ರಿ," ಎಂದ ಅಪ್ಪ, ಉಸ್ತಾದರಿಗೆ ಕನ್ನಡ ತಿಳಿಯುತ್ತದೆಯೋ ಇಲ್ಲವೋ ಎಂದೂ ಯೋಚಿಸದೆ. "ಇಂಜಿನಿಯರ್ ಅದಾಳ. ನಂಬರ್ ಸರಿ ಐತಿ. ಕಾಡತೂಸಽ ಹಳೇವು ಇರಬೇಕು."

ನನ್ನನ್ನು ಅವನು ಇನ್ನೂ ನೋಡಿರಲಿಲ್ಲ. ಹಗ್ಗದ ಕೆಳಗೆ ನುಸುಳಿ ಹೋಗಿ ಎದುರು ನಿಂತೆ.

"ನಂಬರ್ ಬ್ಯಾರೆ ಇದ್ವು ಅಪ್ಪಾ. ನಾ ನೋಡೀನಿ. ನೋಡಿ ಒಂದಽ ಅದಾವ ಅಂದೆ."

ಏಜೆನ್ಸಿಯ ಮೇಲ್ವಿಚಾರಕ, "ಇಂಜಿನೀರ್ ಗಾರು, ಮೀ ಚದುವು ಚಾಲಾ ಬಾಗುಂದಿ," ಎಂದ. ನಿಮ್ಮ ಓದು ಬಹಳ ಚೆನ್ನಾಗಿದೆ ಎಂದು. ಸಾಲಿನಲ್ಲಿ ಕುಳಿತವರು ಯಾರೂ ನಗಲಿಲ್ಲ. ಅಪ್ಪ ಎದ್ದು ಕುಳಿತ. ಟೊಪ್ಪಿಗೆ ತೆಗೆದ. ಬಲಗಲ್ಲವನ್ನು ಅಂಗೈಯಿಂದ ನಿಧಾನಕ್ಕೆ ಉಜ್ಜಿಕೊಂಡ. ಬೈಯುತ್ತಾನೆ ಎಂದು ಕಾದೆ. ಬೈದಿದ್ದರೆ ಚೆನ್ನಾಗಿತ್ತು.

"ನಮ್ಮ ಬೋಲ್ಟು ಯಾರ ಕೈಯಾಗ ಐತಿ?" ಎಂದು ಕೇಳಿದ.

ಭಾನುವಾರ ಮಧ್ಯಾಹ್ನದಿಂದ ಆ ಹೊತ್ತಿನವರೆಗೆ ಈ ಪ್ರಶ್ನೆ ನನಗೆ ಒಮ್ಮೆಯೂ ಹೊಳೆದಿರಲಿಲ್ಲ. ನನ್ನ ಹೆದರಿಕೆಯಲ್ಲಿ ಒಬ್ಬನೇ ಮನುಷ್ಯನಿದ್ದ.

ಸುದ್ದಿ ಹೊರಗೆ ಹೋದರೆ ತನಗೂ ತೊಂದರೆ ಎಂದು ಮೇಲ್ವಿಚಾರಕ ಜೀಪು ಕೊಟ್ಟ. ಬಂದೂಕನ್ನು ಉಸ್ತಾದರು ಇಟ್ಟುಕೊಂಡರು, ಬೋಲ್ಟನ್ನು ಬಟ್ಟೆಯಲ್ಲಿ ಸುತ್ತಿ ನಾನು ಹಿಡಿದುಕೊಂಡೆ. ಠಾಣೆಯಲ್ಲಿ ರೈಟರ್ ಊಟಕ್ಕೆ ಹೋಗಿದ್ದವನು ಮೂರು ಗಂಟೆಗೆ ಬಂದ. ಒಲ್ಲದ ಮನಸ್ಸಿನಿಂದ ರಿಜಿಸ್ಟರು ತೆರೆದ. ಐವತ್ತೆರಡರ ಬಂದೂಕು ಪಟಾನ್‌ಚೆರು ದಾಟಿದ ಮೇಲಿನ ಒಂದು ದ್ರಾಕ್ಷಿ ತೋಟದ ಯಜಮಾನರದು. ಅವರೂ ಶನಿವಾರವೇ ಒಯ್ದಿದ್ದರು. ರೈಟರ್ ಅವರ ಮನೆಗೆ ಫೋನ್ ಮಾಡಿದ. ಗಂಟೆ ಬಾರಿಸಿ ಬಾರಿಸಿ ನಿಂತಿತು.

"ತೋಟದಲ್ಲಿರುತ್ತಾರೆ," ಎಂದು ಹಿಂದಿಯಲ್ಲಿ ಹೇಳಿದ. "ಹಂದಿ ಬರದಿರಲೆಂದು ದಿನಾ ಸಂಜೆ ಗಾಳಿಗೆ ಒಂದು ಹಾರಿಸುತ್ತಾರೆ. ಬೇಡವೆಂದರೆ ಕೇಳುವುದಿಲ್ಲ."

ಜೀಪಿನಲ್ಲಿ ಅಪ್ಪ ಮುಂದೆ ಕುಳಿತ, ನಾನು ಹಿಂದೆ.  ಕಾರ್ಖಾನೆಗಳ ಶಿಫ್ಟು ಬಿಟ್ಟು ರಸ್ತೆಯೆಲ್ಲ ಬಸ್ಸು, ಸೈಕಲ್ಲು. ನಾನು ಗಾಜಿನಾಚೆ ಸೂರ್ಯ ಎಷ್ಟು ಇಳಿದಿದ್ದಾನೆ ಎಂದು ಮಾತ್ರ ನೋಡುತ್ತಿದ್ದೆ. ನಾನು ಮುಖ ನೋಡದ ಒಬ್ಬ ಮನುಷ್ಯ, ಅವನ ಗಲ್ಲ, ಅವನ ಕಣ್ಣು. ಭಾನುವಾರವೇ ನಿಜ ಹೇಳಿದ್ದರೆ ಅವನಿಗೆ ಆಗಲೇ ಸುದ್ದಿ ಮುಟ್ಟಿರುತ್ತಿತ್ತು.

ತೋಟದ ಅರ್ಧ ಆಗಲೇ ಮಾರಾಟವಾಗಿ, ಸುಣ್ಣ ಬಳಿದ ಕಲ್ಲುಗಳನ್ನು ಸಾಲಾಗಿ ನೆಟ್ಟಿದ್ದರು. ಉಳಿದರ್ಧದಲ್ಲಿ ಚಪ್ಪರ. ಜೀಪು ನಿಲ್ಲಿಸಿ ಇಳಿದಾಗ ಸದ್ದು ಕೇಳಿತು. ಮರ ಕಬ್ಬಿಣಕ್ಕೆ ಬಡಿಯುವ ಸದ್ದು. ಟಕ್, ಟಕ್, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಟಕ್.

ಚಪ್ಪರದ ಕೊನೆಗೆ ಮಂಚದ ಮೇಲೆ ಬಿಳಿ ಮೀಸೆಯ ಯಜಮಾನರೊಬ್ಬರು ಕುಳಿತಿದ್ದರು. ತೊಡೆಯ ಮೇಲೆ ಬಂದೂಕು ಅಡ್ಡವಾಗಿತ್ತು. ಕೈಯಲ್ಲಿ ಮರದ ಕೊಡತಿ. ಬೋಲ್ಟಿನ ಹಿಡಿ ಅರ್ಧಕ್ಕೆ ಇಳಿದು ನಿಂತಿತ್ತು, ಅವರು ಅದನ್ನು ಕೊಡತಿಯಿಂದ ಹೊಡೆದು ಕೆಳಗೆ ಕೂಡಿಸುತ್ತಿದ್ದರು. ಅಪ್ಪನ ಬಂದೂಕಿಗೆ ಅವರ ಬೋಲ್ಟು ಸಡಿಲವಾದರೆ, ಅವರದಕ್ಕೆ ನಮ್ಮದು ಬಿಗಿಯಾಗಿತ್ತು. ಮಂಚದ ಮೇಲೆ ಕಾಡತೂಸಿನ ಡಬ್ಬಿ ತೆರೆದಿತ್ತು. ಒಂದು ಗುಳಿ ಖಾಲಿ. ಆ ಕಾಡತೂಸು ಬಂದೂಕಿನ ಗೂಡಿನಲ್ಲಿತ್ತು, ಕೊಡತಿಯ ಏಟಿಗೇ ಹಾರಬಹುದಿತ್ತು. ನಳಿಗೆಯ ಬಾಯಿ ನಾವು ನಿಂತ ದಾರಿಯ ಕಡೆಗಿತ್ತು.

ಅಪ್ಪ ನನ್ನ ಭುಜ ಹಿಡಿದು ಚಪ್ಪರದ ಕಲ್ಲುಕಂಬದ ಹಿಂದೆ ತಳ್ಳಿದ. "ಕಂಬ ಬಿಟ್ಟು ಬರಬ್ಯಾಡ," ಎಂದಷ್ಟೇ ಹೇಳಿದ. ಆಮೇಲೆ ದಾರಿ ಬಿಟ್ಟು, ಬಳ್ಳಿಗಳ ಸಾಲಿನಲ್ಲಿ ಓರೆಯಾಗಿ, ನಳಿಗೆಗೆ ಎದುರಾಗದಂತೆ ನಡೆದ. ಅವಸರ ಮಾಡಲಿಲ್ಲ. ಹತ್ತಿರ ಹೋಗಿ ರಾಮ್ ರಾಮ್ ಎಂದು, ಮಂಚದ ತುದಿಗೆ ಕುಳಿತೇಬಿಟ್ಟ. ದ್ರಾಕ್ಷಿ ಈ ಸಲ ಹೇಗೆ ಎಂದು ಹಿಂದಿಯಲ್ಲಿ ಕೇಳಿದ. ಯಜಮಾನರು ಕೊಡತಿಯನ್ನು ಎತ್ತಿಯೇ ಹಿಡಿದು, ಯಾರಪ್ಪ ನೀನು ಎಂದರು. ನಿಮ್ಮ ಹಾಗೆ ಠಾಣೆಯಲ್ಲಿ ಬಂದೂಕು ಇಟ್ಟಿದ್ದವನು, ಮೊದಲು ಕುಡಿಯಲು ಸ್ವಲ್ಪ ನೀರು ಕೊಡಿ ಎಂದ ಅಪ್ಪ. ಅವರು ತಂಬಿಗೆಗೆ ಕೈಚಾಚಲು ಕೊಡತಿ ಕೆಳಗಿಟ್ಟರು. ಅಪ್ಪ ಅದನ್ನು ತನ್ನ ತೊಡೆಯ ಕೆಳಗೆ ಸರಿಸಿಕೊಂಡ. ಇನ್ನೊಂದು ಕೈಯಿಂದ ನಳಿಗೆಯನ್ನು ಮೆಲ್ಲಗೆ ನೆಲದ ಕಡೆ ತಿರುಗಿಸಿದ.

ಆ ಮೇಲೆ ವಿಷಯ ಹೇಳಿದ. ಯಜಮಾನರು ನಂಬಲಿಲ್ಲ. ತುಕ್ಕಿನಿಂದ ಬಿಗಿಯಾಗಿದೆ, ಶನಿವಾರದಿಂದ ಎಣ್ಣೆ ಬಿಡುತ್ತಿದ್ದೇನೆ, ಇವತ್ತು ಕೂರುತ್ತಿತ್ತು ಎಂದರು. ನಾನು ಸಡಿಲವನ್ನು ಚೊಕ್ಕಟವೆಂದೆ, ಅವರು ಬಿಗಿಯನ್ನು ತುಕ್ಕೆಂದರು. ಅಪ್ಪ ಬೋಲ್ಟನ್ನು ಇಂಚಿಂಚಾಗಿ ಹಿಂದಕ್ಕೆ ಎಳೆದು ಜೀವಂತ ಕಾಡತೂಸನ್ನು ಹೊರಗೆ ತೆಗೆದ. ಅದನ್ನು ಅಂಗೈಯಲ್ಲಿಟ್ಟುಕೊಂಡು ಅವರಿಗೆ ತೋರಿಸಿದ. ಆಗ ನಾನು ಕಂಬ ಬಿಟ್ಟು ಹೊರಬಂದೆ.

ಬೋಲ್ಟುಗಳನ್ನು ಅದಲು ಬದಲು ಮಾಡಿಕೊಂಡು ಬಂದೆವು. ಆದರೆ ಉಸ್ತಾದರು ಒಪ್ಪಲಿಲ್ಲ. ಕೊಡತಿ ಏಟು ತಿಂದ ಬೋಲ್ಟು, ನೋಡದೆ ಸಹಿ ಹಾಕುವುದಿಲ್ಲ ಎಂದರು. ಮೂರನೆಯ ದಿನ ಅದೇ ಬಂಡೆಗಳ ನಡುವೆ ರೈಫಲನ್ನು ಲಾರಿಯ ಹಳೇ ಟೈರಿಗೆ ಬಿಗಿದು ಕಟ್ಟಿದರು. ಕಾಡತೂಸು ತುಂಬಿ, ಟ್ರಿಗರಿಗೆ ಉದ್ದನೆಯ ಹುರಿ ಕಟ್ಟಿ, ಹುರಿಯ ತುದಿಯನ್ನು ಬಂಡೆಯ ಮರೆಗೆ ತಂದು ಅಪ್ಪನ ಕೈಗೆ ಕೊಟ್ಟರು. ಅಪ್ಪ ಅದನ್ನು ನನ್ನ ಕಡೆ ಚಾಚಿದ.

"ನೀನಽ ಎಳಿ."

"ನಾ ಒಲ್ಲೆ ಅಪ್ಪಾ."

"ನಿನ್ನ ಮಾತಿನ ಮ್ಯಾಲ ನಾ ಗಲ್ಲ ಇಟ್ಟಿದ್ನಿ. ನೀ ಹುರಿ ಹಿಡಿಯಾಕ ಅಂಜಾಕತ್ತೀದಿ," ಎಂದ. ಸಿಟ್ಟಿರಲಿಲ್ಲ. ಆ ಮೂರು ದಿನಗಳಲ್ಲಿ ಆ ವಿಷಯಕ್ಕೆ ಅವನು ನನಗೆ ಹೇಳಿದ ಮಾತು ಅದೊಂದೇ. ಆಮೇಲೂ ಬೇರೆ ಹೇಳಲಿಲ್ಲ.

ಎಳೆದೆ. ಸದ್ದು ಎದೆಗೇ ಬಡಿಯಿತು. ಉಸ್ತಾದರು ಹೋಗಿ ನೋಡಿ ಬಂದರು, ಮತ್ತೆ ತುಂಬಿದರು. ಮೂರು ಸಲ ಎಳೆದೆ. ಮೂರು ಚಿಪ್ಪುಗಳನ್ನೂ ತಂತಿ ಹಾಕಿ ನೋಡಿ ತಲೆಯಾಡಿಸಿದರು. ನಾಲ್ಕನೆಯದಕ್ಕೆ ರೈಫಲನ್ನು ಟೈರಿನಿಂದ ಬಿಚ್ಚಿದರು. ಅಪ್ಪ ಚಾಪೆಯ ಮೇಲೆ ಮಲಗಿ ಗಲ್ಲವನ್ನು ಮರಕ್ಕೆ ಒತ್ತಿದ. ಹುರಿ ಎಳೆಯುವಾಗ ಇಲ್ಲದ ಹೆದರಿಕೆ ಆಗ ಬಂತು. ಹಗ್ಗದ ಈಚೆ ನಿಂತು, ಬಾಯಿ ಬಿಗಿದುಕೊಂಡು, ಪೂರ್ತಿ ನೋಡಿದೆ.

ಹಾರಿತು. ಅವನು ಬೋಲ್ಟು ಎಳೆದಾಗ ಚಿಪ್ಪು ನನ್ನ ಕಡೆಗೇ ಉರುಳಿ ಬಂತು. ಬಿಸಿ ಇನ್ನೂ ಆರಿರಲಿಲ್ಲ, ಬೆರಳು ಚುರ್ ಎಂದರೂ ಬಿಡಲಿಲ್ಲ. ತಿರುಗಿಸಿ ತಿರುಗಿಸಿ ನೋಡಿದೆ. ನನ್ನ ಕಣ್ಣಿಗೆ ಉಂಗುರ ಕಾಣಿಸಲಿಲ್ಲ. ಅಪ್ಪ ಚಾಪೆಯಿಂದಲೇ ತಲೆ ಹೊರಳಿಸಿ, ಏನು ಎನ್ನುವಂತೆ ಹುಬ್ಬು ಹಾರಿಸಿದ. ನಾನು ಸರಿ ಇದೆ ಎನ್ನದೆ ಅದನ್ನು ಉಸ್ತಾದರ ಕೈಗೆ ಕೊಟ್ಟೆ. ಅವರು ತಂತಿ ಹಾಕಿ ನೋಡುವ ತನಕ ಅಪ್ಪನಿಗೆ ಇನ್ನೊಂದು ಕಾಡತೂಸು ತುಂಬಲು ಬಿಡಲಿಲ್ಲ.